ಕಾದಂಬರಿ ಓದಿದ ಮೇಲೆ "ಚೆನ್ನಾಗಿದೆ" ಅನ್ನೋದು ಬಿಟ್ಟು ಇನ್ನೇನು ಬರಿಯೋದು?

ಈ ಮಳೆಗಾಲ ಶುರುವಾದಾಗ ಅಟ್ಟದ ಮೇಲಿದ್ದ ಹಳೇ ಡೈರಿಗಳನ್ನ ಇಳಿಸಿ ಬೂಸ್ಟು ಒರೆಸ್ತಾ ಇದ್ದೆ, ಒಂದು ಪುಟದಲ್ಲಿ ನಾನೇ ಬರೆದಿದ್ದು ಕಣ್ಣಿಗೆ ಬಿತ್ತು. "ಗೃಹಭಂಗ ಓದಿ ಮುಗಿಸಿದೆ. ತುಂಬಾ ಚೆನ್ನಾಗಿದೆ. ಕಣ್ಣಲ್ಲಿ ನೀರು ಬಂತು. ಎಲ್ಲರೂ ಓದಲೇಬೇಕು." ಅಷ್ಟೇ. ಯಾರಿಗೋಸ್ಕರ ನೀರು ಬಂತು, ಯಾವ ಜಾಗದಲ್ಲಿ ಬಂತು, ಯಾಕೆ ಬಂತು, ಒಂದೂ ಇಲ್ಲ. ಈ ನಾಲ್ಕು ಸಾಲನ್ನ ಯಾವ ಪುಸ್ತಕದ ಹೆಸರಿನ ಕೆಳಗೆ ಅಂಟಿಸಿದ್ರೂ ನಡಿಯುತ್ತೆ. ಈರುಳ್ಳಿ ಹೆಚ್ಚೋದು ಜಾಸ್ತಿ ಇದ್ರೆ ಅಡುಗೆ ಪುಸ್ತಕಕ್ಕೂ ನಡಿಯುತ್ತೆ.

ಬೇಜಾರಾಗಿದ್ದು ಅದಕ್ಕಲ್ಲ, ಆ ಪುಸ್ತಕ ಓದಿದ ನಾನು ಯಾರಾಗಿದ್ದೆ ಅಂತ ನೆನಪಿಸಿಕೊಳ್ಳೋಕೆ ನನಗೇ ಒಂದು ಸುಳಿವೂ ಉಳಿಸಿಕೊಂಡಿಲ್ವಲ್ಲ ಅಂತ. ಅಲ್ಲಿಂದ ಈಚೆಗೆ ನಾನು ಬರಿಯೋ ರೀತಿ ಬದಲಾಯಿಸಿದೀನಿ. ಜೂನ್‌ನಿಂದ ಇಲ್ಲೀವರೆಗೆ ಏಳು ಕಾದಂಬರಿ ಓದಿದೀನಿ, ಕೆಲವು ಹೊಸದಾಗಿ, ಕೆಲವು ಎರಡನೇ ಸಲ, ಎಲ್ಲಾ ಕಥೆಗಿಂತ ಜನಾನೇ ಮುಖ್ಯ ಆಗಿರೋ ಪುಸ್ತಕಗಳು, ಮತ್ತೆ ಏಳಕ್ಕೂ ಒಂದೊಂದು ಟಿಪ್ಪಣಿ ಬರೆದಿದೀನಿ. ನಾನು ವಿಮರ್ಶಕಿ ಅಲ್ಲ, ಶಿವಮೊಗ್ಗದಲ್ಲಿ ಒಂದು ಅಡಿಕೆ ಮಂಡೀಲಿ ಲೆಕ್ಕ ಬರಿಯೋಳು, ಶನಿವಾರ ಸಂಜೆ ಬಸ್ಸು ಹತ್ತಿ ತೀರ್ಥಹಳ್ಳಿ ದಾಟಿ ಊರಿಗೆ ಹೋಗೋಳು. ಹಂಗಾಗಿ ಇದು ಪಂಡಿತರ ವಿಧಾನ ಅಂದ್ಕೋಬೇಡಿ, ಬಸ್ಸಲ್ಲಿ ಕೂತು ಓದೋರ ವಿಧಾನ ಅಷ್ಟೆ.

ಮೊದಲು ಒಂದು ಮಾತು. ಪಾತ್ರಗಳೇ ಮುಖ್ಯ ಆಗಿರೋ ಕಾದಂಬರಿ ಬಗ್ಗೆ ಬರಿಯೋವಾಗ ಪುಸ್ತಕ ಹೆಂಗಿದೆ ಅಂತ ಬರಿಯೋಕೆ ಹೋಗ್ಬೇಡಿ. ಆ ಮನುಷ್ಯನ ಬಗ್ಗೆ ನಿಮ್ಮ ಮನಸ್ಸು ಯಾವ ಪುಟದಲ್ಲಿ ಮಗ್ಗುಲು ಬದಲಾಯಿಸ್ತು ಅನ್ನೋದನ್ನ ಹುಡುಕಿ ಬರೀರಿ. ನನಗೆ ಗೊತ್ತಿರೋದು ಇದೊಂದೇ ಗುಟ್ಟು, ಉಳಿದಿದ್ದೆಲ್ಲ ಅದನ್ನ ಹಿಡಿಯೋಕೆ ಬೇಕಾದ ಹಗ್ಗ ಕೊಕ್ಕೆ.

ಮಂಡೀಲಿ ಚೀಲ ಬಂದು ಬಿದ್ದ ತಕ್ಷಣ ಇದು ರಾಶಿ, ಇದು ಬೆಟ್ಟೆ, ಇದು ಗೊರಬಲು ಅಂತ ಬಾಗಿಲಲ್ಲಿ ನಿಂತೇ ಹೇಳೋ ಹಿರಿಯರು ಇದಾರೆ. ಆದ್ರೆ ಅವರೂ ರೇಟ್ ಹೇಳೋಕೆ ಮುಂಚೆ ಚೀಲಕ್ಕೆ ಕೈ ಹಾಕಿ ಒಂದೆರಡು ಅಡಿಕೆ ತೆಗೆದು ಅಡಕತ್ತರಿಯಲ್ಲಿ ಕತ್ತರಿಸಿ ಒಳಗೆ ನೋಡೇ ನೋಡ್ತಾರೆ. ನಾವು ಓದೋವಾಗ ಮಾಡೋ ತಪ್ಪು ಏನಪ್ಪಾ ಅಂದ್ರೆ ಐವತ್ತನೇ ಪುಟಕ್ಕೇ ಒಬ್ಬೊಬ್ಬರಿಗೂ ಗ್ರೇಡ್ ಹಾಕಿ ಮುಗಿಸಿಬಿಡ್ತೀವಿ, ಇವಳು ಒಳ್ಳೇವಳು ಇವನು ಅಯೋಗ್ಯ ಅಂತ, ಆಮೇಲೆ ಮುನ್ನೂರು ಪುಟ ನಮ್ಮ ಗ್ರೇಡ್ ಸರಿ ಅಂತ ಸಾಬೀತು ಮಾಡೋಕೇ ಓದ್ತೀವಿ. ಗ್ರೇಡ್ ಹಾಕೋದು ತಪ್ಪಲ್ಲ, ಹಾಕಿ, ಆದ್ರೆ ಪೆನ್ಸಿಲ್‌ನಲ್ಲಿ ಹಾಕಿ.

ಪೆನ್ಸಿಲ್ ಅಂದ್ನಲ್ಲ, ಅದು ನಿಜವಾಗ್ಲೂ ಬೇಕು. ಓದೋವಾಗ ಪುಸ್ತಕದೊಳಗೆ ಒಂದು ಚೀಟಿ ಇಟ್ಕೊಳ್ಳಿ. ನಾನು ಹರಿದ ಕ್ಯಾಲೆಂಡರ್ ಹಾಳೇನ ನಾಲ್ಕು ಮಡಚಿ ಇಟ್ಕೋತೀನಿ, ಹಿಂದುಗಡೆ ಖಾಲಿ ಇರುತ್ತಲ್ಲ. ಅದ್ರಲ್ಲಿ ಬರಿಯೋದು ಇಷ್ಟೇ: ಪುಟದ ನಂಬರು, ಪಾತ್ರದ ಹೆಸರು, ಆ ಕ್ಷಣ ಬಾಯಿಗೆ ಬಂದ ಒಂದು ಮಾತು. "ಥೂ." "ಪಾಪ." "ಇವಳಿಗೆ ಎಂತಾಗಿದೆ ಮಾರಾಯ್ತಿ." ಚಂದದ ಭಾಷೆ ಬೇಡ, ನೀವು ಮನೇಲಿ ಆಡೋ ಭಾಷೇನೇ ಇರ್ಲಿ, ಯಾಕಂದ್ರೆ "ಈ ಪಾತ್ರದ ವರ್ತನೆ ಅಚ್ಚರಿ ಮೂಡಿಸಿತು" ಅಂತ ಬರೆದ್ರೆ ಎರಡು ವಾರ ಬಿಟ್ಟು ಓದಿದಾಗ ಅದು ಯಾರದೋ ಮಾತು ಅನ್ಸುತ್ತೆ, "ಅಯ್ಯೋ ಮಂಡೆ ಸಮ ಇಲ್ವಾ ಇವನಿಗೆ" ಅಂತ ಬರೆದಿದ್ರೆ ಆ ಸಿಟ್ಟು ಹಂಗೇ ವಾಪಸ್ ಬರುತ್ತೆ. ಒಂದು ಅಧ್ಯಾಯಕ್ಕೆ ಎರಡು ಸಾಲಿಗಿಂತ ಜಾಸ್ತಿ ಬರೀಬೇಡಿ, ಓದೋದು ನಿಂತು ಬರಿಯೋದೇ ಆಗಿಬಿಡುತ್ತೆ. ಲೈಬ್ರರಿ ಪುಸ್ತಕದ ಮೇಲಂತೂ ಗೀಚಲೇಬೇಡಿ, ನಾನು ತಂದ ಒಂದು ಪುಸ್ತಕದಲ್ಲಿ ಯಾರೋ ಪುಣ್ಯಾತ್ಮರು ಇಪ್ಪತ್ತನೇ ಪುಟದಲ್ಲೇ "ಇವಳು ಕೊನೆಗೆ ಸಾಯ್ತಾಳೆ" ಅಂತ ಬಾಲ್‌ಪೆನ್ನಲ್ಲಿ ಬರೆದಿದ್ರು.

ಮುನ್ನುಡಿ ಕೊನೆಗೆ ಓದಿ. ಇದನ್ನ ಎಷ್ಟು ಒತ್ತಿ ಹೇಳಿದ್ರೂ ಕಮ್ಮಿ. ನಮ್ಮ ಕನ್ನಡ ಕಾದಂಬರಿಗಳ ಮುನ್ನುಡಿ, ಬೆನ್ನುಡಿ ಬರಿಯೋರಿಗೆ ಇಡೀ ಕಥೆ ಹೇಳಿ ಅದರ ಅರ್ಥಾನೂ ಹೇಳಿ ಮುಗಿಸೋ ಉತ್ಸಾಹ. ಅದನ್ನ ಓದಿ ಒಳಗೆ ಹೋದ್ರೆ ನಿಮ್ಮ ಸ್ವಂತ ಪ್ರತಿಕ್ರಿಯೆ ಹುಟ್ಟೋಕೆ ಮುಂಚೇನೇ ಸತ್ತೋಗಿರುತ್ತೆ.

ಇನ್ನು ಬರಿಯೋದು ಯಾವಾಗ ಅಂದ್ರೆ, ಮುಗಿಸಿದ ದಿನ ರಾತ್ರೀನೇ. ನಾಳೆ ಬರಿಯೋಣ ಅಂದ್ರೆ ನಾಳೆ ನೀವು ಆಗ್ಲೇ ಬುದ್ಧಿವಂತರಾಗಿರ್ತೀರಿ, ಫೋನಲ್ಲಿ ನಾಲ್ಕು ಜನ ಏನು ಬರೆದಿದಾರೆ ಅಂತ ನೋಡಿರ್ತೀರಿ. ಹತ್ತು ನಿಮಿಷ ಸಾಕು. ಕರೆಂಟ್ ಹೋಗಿದ್ರೆ ಇನ್ನೂ ಒಳ್ಳೇದು, ನಮ್ಮೂರ ಕಡೆ ಜುಲೈನಲ್ಲಿ ಅದಕ್ಕೇನು ಬರ ಇಲ್ಲ.

ಮೊದಲ ಸಾಲು ಬರಿಯೋದೇ ಕಷ್ಟ ಅಂತಾರೆ ಸುಮಾರು ಜನ. ಅದಕ್ಕೊಂದು ಸುಲಭ ದಾರಿ ಇದೆ. ಇಷ್ಟ ಆದವರಿಂದ ಶುರು ಮಾಡ್ಬೇಡಿ, ಸಿಟ್ಟು ಬರಿಸಿದವರಿಂದ ಶುರು ಮಾಡಿ. ಇಷ್ಟ ಆದವರ ಬಗ್ಗೆ ಬರಿಯೋಕೆ ಹೋದ್ರೆ ಹೊಗಳಿಕೆ ಬಿಟ್ಟು ಬೇರೆ ಬರಲ್ಲ. ಸಿಟ್ಟಿಗೆ ಕಾರಣ ಕೊಡಲೇಬೇಕಾಗುತ್ತೆ, ಕಾರಣ ಕೊಡ್ತಾ ಕೊಡ್ತಾ ನಮ್ಮದೇ ಯಾವುದೋ ಗಂಟು ಬಿಚ್ಚಿಕೊಳ್ಳುತ್ತೆ. ನನ್ನ ಉದಾಹರಣೆ ಹೇಳ್ತೀನಿ. ವಿವೇಕ ಶಾನಭಾಗರ ಘಾಚರ್ ಘೋಚರ್ ಗೊತ್ತಲ್ಲ, 2013ರಲ್ಲಿ ಇಲ್ಲೇ ಹೆಗ್ಗೋಡಿನ ಅಕ್ಷರ ಪ್ರಕಾಶನದವರು ತಂದಿದ್ದು, ತೆಳು ಪುಸ್ತಕ, ಶಿವಮೊಗ್ಗದಿಂದ ಊರಿಗೆ ಹೋಗೋ ಒಂದೇ ಪ್ರಯಾಣದಲ್ಲಿ ಮುಕ್ಕಾಲು ಮುಗಿಯುತ್ತೆ. ಅದ್ರಲ್ಲಿ ಕಥೆ ಹೇಳೋನಿಗೆ ಹೆಸರೇ ಇಲ್ಲ. ಮನೆ ನಡಿಯೋದು ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ, ಇವನು ಹೆಸರಿಗೆ ಡೈರೆಕ್ಟರು, ಕಾಫಿ ಹೌಸಿನಲ್ಲಿ ಕೂತು ಹೊತ್ತು ಕಳೆಯೋನು. ಚಿಕ್ಕಪ್ಪನ್ನ ಹುಡುಕಿಕೊಂಡು ಒಬ್ಬ ಹೆಂಗಸು ಮನೆ ಬಾಗಿಲಿಗೆ ಬರ್ತಾಳೆ, ಕೈಯಲ್ಲಿ ಅವನಿಗೋಸ್ಕರ ಮಾಡಿಕೊಂಡು ಬಂದ ಸಾರು, ಮನೆ ಹೆಂಗಸರು ಅವಳಿಗೆ ಬಾಯಿಗೆ ಬಂದಂಗೆ ಬೈದು ಓಡಿಸ್ತಾರೆ, ಇವನು ನೋಡ್ತಾ ಇರ್ತಾನೆ.

ನನ್ನ ಚೀಟಿ ಮೇಲೆ ಆ ಜಾಗದಲ್ಲಿ "ಹೇಡಿ" ಅಂತ ಬರೆದಿದ್ದೆ. ರಾತ್ರಿ ಟಿಪ್ಪಣಿ ಬರಿಯೋಕೆ ಕೂತಾಗ ಮೊದಲ ಸಾಲು "ಇವನಿಗೆ ಎರಡು ಬಾರಿಸ್ಬೇಕು ಅನ್ಸ್ತು" ಅಂತ ಬರೆದೆ, ಎರಡನೇ ಸಾಲು ಯಾಕೆ ಅಂತ ಬರಿಯೋಕೆ ಹೋಗಿ ಅಲ್ಲೇ ನಿಂತೆ. ಯಾಕಂದ್ರೆ ನಮ್ಮನೇಲೂ ಒಂದು ಸಲ ತೋಟಕ್ಕೆ ಬರ್ತಿದ್ದ ಆಳಿನ ಹೆಂಡತಿ ಮುಂಗಡ ಕೇಳೋಕೆ ಅಂಗಳಕ್ಕೆ ಬಂದಾಗ ದೊಡ್ಡವರು ಏನೇನೋ ಅಂದು ಕಳಿಸಿದ್ರು, ನಾನು ಜಗುಲಿ ಮೇಲೆ ಕೂತು ಕಾಲೇಜಿನ ನೋಟ್ಸ್ ಬರೀತಾ ಇದ್ದೆ, ತಲೆ ಎತ್ತಲಿಲ್ಲ. ಇಷ್ಟು ವರ್ಷ ಅದು ನೆನಪೇ ಆಗಿರಲಿಲ್ಲ. ಅವನ ಮೇಲೆ ಬಂದ ಸಿಟ್ಟಲ್ಲಿ ಅರ್ಧ ನನ್ನ ಮೇಲಿಂದು. ಅದನ್ನ ಹಂಗೇ ಬರೆದೆ. ಆ ಟಿಪ್ಪಣಿಗೆ ಬೇರೆ ಏನೂ ಸೇರಿಸೋಕೆ ಹೋಗಲಿಲ್ಲ, ಭಾಷೆ ಬಿಗಿಯಾಗಿದೆ, ಶೈಲಿ ಹಂಗಿದೆ ಹಿಂಗಿದೆ ಅಂತೆಲ್ಲ ಬರೆದಿದ್ರೆ ಇದು ಮುಚ್ಚಿ ಹೋಗ್ತಿತ್ತು.

ನೋಡಿ, ಇದ್ರಲ್ಲಿ ಕಥೆ ಎಷ್ಟು ಹೇಳಿದೆ? ನಾಲ್ಕು ಸಾಲು. ಕಥೆ ಹೇಳೋದಕ್ಕೆ ಅಷ್ಟು ಸಾಕು, ನೀವು ಎಡವಿದ ಜಾಗಕ್ಕೆ ಓದೋರನ್ನ ಕರ್ಕೊಂಡು ಹೋಗೋಕೆ ಎಷ್ಟು ಬೇಕೋ ಅಷ್ಟೇ.

ಈಗ ಮಗ್ಗುಲು ಬದಲಾಗೋ ಪುಟದ ವಿಷಯ. ಇದನ್ನ ಹುಡುಕೋಕೆ ಚೀಟಿ ತೆಗೆದು ಒಬ್ಬರದೇ ಹೆಸರಿನ ಮುಂದೆ ಬರೆದಿರೋ ಮಾತುಗಳನ್ನ ಮೇಲಿಂದ ಕೆಳಗೆ ಓದಿ. ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೋ, 1980ರ ಪುಸ್ತಕ, ಮೂರನೇ ಸಲ ಓದಿದೆ. ಅದ್ರಲ್ಲಿ ಬರೋ ಹಳ್ಳಿ ಹುಡುಗ ಮಂದಣ್ಣನ ಹೆಸರಿನ ಮುಂದೆ ನನ್ನ ಚೀಟೀಲಿ ಹಿಂಗಿತ್ತು: "ದಡ್ಡ", "ದಡ್ಡ, ಆದ್ರೆ ನಗು ಬರುತ್ತೆ", "ಇವನಿಗೆ ಗೊತ್ತಲ್ಲ ಮಾರ್ರೆ!", ಆಮೇಲೆ ಬರೀ ಒಂದು ಆಶ್ಚರ್ಯದ ಗೆರೆ. ವಿಜ್ಞಾನಿ ಕರ್ವಾಲೋ ಅವನಿಗೆ ಅಷ್ಟು ಬೆಲೆ ಕೊಡೋದು ನೋಡಿ ಮೊದಲು ಕಥೆ ಹೇಳೋನಿಗೇ ವಿಚಿತ್ರ ಅನ್ಸುತ್ತೆ, ನಮಗೂ ಅನ್ಸುತ್ತೆ, ಆಮೇಲೆ ಇಬ್ಬರಿಗೂ ಒಟ್ಟಿಗೇ ನಾಚಿಕೆ ಆಗುತ್ತೆ. ನನಗೆ ಮೂರನೇ ಓದಿನಲ್ಲಿ ಹೊಳೆದಿದ್ದು, ಮಂದಣ್ಣ ಎಲ್ಲೂ ಬದಲಾಗಿಲ್ಲ, ಮೊದಲ ಪುಟದಲ್ಲಿ ಹೆಂಗಿದ್ನೋ ಹಂಗೇ ಇದಾನೆ, ಬದಲಾಗಿದ್ದು ನೋಡೋರು. ಹಂಗಾಗಿ ಪಾತ್ರ ಬೆಳೀತು ಅಂತ ಬರಿಯೋಕೆ ಮುಂಚೆ ಒಂದು ಸಲ ಕೇಳ್ಕೊಳ್ಳಿ, ಬೆಳೆದಿದ್ದು ಅವನಾ ನೀವಾ ಅಂತ.

ಕೆಲವು ಪುಸ್ತಕದಲ್ಲಿ ಆ ಪುಟ ಸಿಗೋದೇ ಇಲ್ಲ, ಯಾಕಂದ್ರೆ ನೀವು ತಪ್ಪು ಮನುಷ್ಯನ್ನ ನೋಡ್ತಾ ಇರ್ತೀರಿ. ಸಂಸ್ಕಾರ ಹಂಗಾಯ್ತು ನನಗೆ. 1965ರಲ್ಲಿ ಬಂದಿದ್ದು, ಬರೆದ ಅನಂತಮೂರ್ತಿಯವರು ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರು, ಹಂಗಾಗಿ ನಮ್ಮ ಕಡೆ ಎಲ್ಲರೂ ಓದಿರ್ತಾರೆ ಅಥವಾ ಓದಿದೀನಿ ಅಂತಾರೆ. ಅದರ ನಾಯಕ, ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಹಿಂದೇನೇ ಓಡಿ ಓಡಿ ಸುಸ್ತಾಗಿ, ಟಿಪ್ಪಣಿ ಬರಿಯೋಕೆ ಕೂತ್ರೆ ಎಲ್ಲಾ ಬೇರೆಯವರು ಹೇಳಿದ ಮಾತೇ ಬರ್ತಾ ಇತ್ತು, ದ್ವಂದ್ವ, ಸಂಪ್ರದಾಯ, ಆಧುನಿಕತೆ. ಅಯ್ಯೋ ಸಾಕಪ್ಪಾ ಅಂತ ಪೆನ್ನು ಇಟ್ಟು ಚೀಟಿ ನೋಡಿದ್ರೆ ನಾರಣಪ್ಪನ ಜೊತೆಗಿದ್ದ ಚಂದ್ರಿ ಹೆಸರು ಮೂರೇ ಸಲ ಇತ್ತು, ಮೂರನೇದು "ಮುಗಿಸೇಬಿಟ್ಳಲ್ಲ!" ಅಂತ. ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪನ ಹೆಣ ಕೊಳೀತಾ ಬಿದ್ದಿದೆ, ಸಂಸ್ಕಾರ ಯಾರು ಮಾಡ್ಬೇಕು ಅಂತ ಅಗ್ರಹಾರದೋರೆಲ್ಲ ಊಟ ಬಿಟ್ಟು ಶಾಸ್ತ್ರ ಹುಡುಕ್ತಾ ಇದಾರೆ, ಆಚಾರ್ಯರು ಗುಡೀಲಿ ಕಾಯ್ತಾ ಇದಾರೆ, ಇವಳು ರಾತ್ರೋರಾತ್ರಿ ಅಹ್ಮದ್ ಬ್ಯಾರಿ ಕೈಲಿ ಸುಡಿಸಿ ಮುಗಿಸ್ತಾಳೆ. ಪುಸ್ತಕದ ತುಂಬಾ ಚರ್ಚೆ ಆಗೋ ಕೆಲಸ ಒಂದು ಪ್ಯಾರಾದಷ್ಟು ಜಾಗದಲ್ಲಿ ಆಗಿಹೋಗಿದೆ, ಅಗ್ರಹಾರದೋರಿಗೆ ಗೊತ್ತೂ ಇಲ್ಲ. ನಮ್ಮನೆ ಶ್ರಾದ್ಧದ ದಿನ ಹೊರಗೆ ಚಾವಡೀಲಿ ಗಂಡಸರು ತಿಥಿ ಯಾವಾಗ ಮುಗಿಯುತ್ತೆ ಅಂತ ಪಂಚಾಂಗ ಹಿಡ್ಕೊಂಡು ವಾದ ಮಾಡ್ತಾ ಇರೋವಾಗ ಒಳಗೆ ಅತ್ತಿಗೆ ಇಪ್ಪತ್ತು ಜನದ ಅಡುಗೆ ಇಳಿಸಿ ಸೊಂಟ ಹಿಡ್ಕೊಂಡು ಕೂತಿರ್ತಾಳೆ. ನನ್ನ ಟಿಪ್ಪಣಿ ಚಂದ್ರಿ ಮೇಲೆ ಬರೆದೆ, ಆಚಾರ್ಯರಿಗೆ ಒಂದು ಸಾಲೂ ಕೊಡಲಿಲ್ಲ. ಯಾರೂ ಕೇಳಲ್ಲ, ನಿಮ್ಮ ನೋಟ್‌ಬುಕ್ಕು.

ಪಾತ್ರ ಓದೋವಾಗ ನಿಮಗೆ ಗೊತ್ತಿರೋ ಯಾರೋ ನೆನಪಾಗ್ತಾರೆ, ಅದು ಆಗೇ ಆಗುತ್ತೆ. ಅದನ್ನ ಬರೀಬೇಕು, ಆದ್ರೆ ಹುಷಾರಾಗಿ. ಹಳೇ ಡೈರೀಲಿದ್ದ ಆ ಗೃಹಭಂಗಾನೇ ಮತ್ತೆ ಓದಿದೆ, ಭೈರಪ್ಪನವರದ್ದು, 1970. ಈ ಸಲ ರಾತ್ರಿ ಒಲೆ ಮುಂದೆ ಅಮ್ಮಂಗೆ ಜೋರಾಗಿ ಓದಿ ಹೇಳ್ತಾ ಇದ್ದೆ, ಅಮ್ಮ ಹಲಸಿನ ಬೀಜ ಸುಲೀತಾ ಕೇಳೋಳು. ಬಯಲುಸೀಮೆ ಕಥೆ, ಪ್ಲೇಗು, ಬರ, ನಮ್ಮ ಮಳೆ ಊರಿಗೂ ಅದಕ್ಕೂ ಸಂಬಂಧಾನೇ ಇಲ್ಲ, ಆದ್ರೂ ಚೆನ್ನಿಗರಾಯ ಬಂದಾಗ್ಲೆಲ್ಲ ಅಮ್ಮನ ಕೈ ನಿಲ್ತಿತ್ತು. ಮಕ್ಕಳಿಗೆ ಇದೆಯಾ ಇಲ್ವಾ ನೋಡದೆ ತನ್ನ ಹೊಟ್ಟೆ ತುಂಬಿಸ್ಕೊಳ್ಳೋ ಗಂಡ. "ಹಿಂಗೇ ಇದ್ರು ಮಗಾ ಒಬ್ರು" ಅಂದ್ಳು, ಯಾರು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ, ಗೊತ್ತಿತ್ತು.

ಜೋರಾಗಿ ಓದೋದು ದೊಡ್ಡ ಉಪಕಾರ ಮಾಡುತ್ತೆ, ನೀವು ಮನಸ್ಸಲ್ಲೇ ಓದಿದಾಗ ಹಾರಿ ಹೋಗೋ ಸಾಲಿನ ಹತ್ರ ಕೇಳೋರು ನಿಲ್ಲಿಸ್ತಾರೆ, "ಇನ್ನೊಂದ್ಸಲ ಓದು" ಅಂತಾರೆ. ಅಮ್ಮ ನಿಲ್ಲಿಸಿದ ಜಾಗ ನಾನು ನಿಲ್ತಿದ್ದ ಜಾಗ ಅಲ್ಲವೇ ಅಲ್ಲ. ನನಗೆ ಚೆನ್ನಿಗರಾಯನ ಹೆಂಡತಿ ನಂಜಮ್ಮ ಗಂಡನ ಶಾನುಭೋಗಿಕೆ ಲೆಕ್ಕಾನ ತಾನೇ ಕಲಿತು ತಾನೇ ಬರಿಯೋದು ಮುಖ್ಯ ಅನ್ಸಿತ್ತು, ನಾನೂ ಲೆಕ್ಕ ಬರಿಯೋಳಲ್ವಾ, ಸಹಿ ಮಾತ್ರ ಬೇರೆಯವರದು. ಅಮ್ಮಂಗೆ ಅವಳು ಊಟದೆಲೆಗೆ ಅಂತ ಮುತ್ತುಗದೆಲೆ ಹಚ್ಚೋದು ಮುಖ್ಯ. "ಎಲೆ ಹಚ್ಚಿದ ದುಡ್ಡು ಯಾರೂ ಲೆಕ್ಕ ಹಾಕಲ್ಲ" ಅಂದ್ಳು. ಟಿಪ್ಪಣೀಲಿ ಎರಡೂ ಬರೆದಿದೀನಿ, ಅಮ್ಮನ ಮಾತಿಗೆ ಅಮ್ಮ ಅಂತಾನೇ ಹಾಕಿ.

ಹುಷಾರು ಯಾಕೆ ಅಂದ್ರೆ, ನಾನು ಮಾಡಿದ ಎಡವಟ್ಟು ಕೇಳಿ. ಅದೇ ಪುಸ್ತಕದ ಅತ್ತೆ ಗಂಗಮ್ಮ ಇದಾಳಲ್ಲ, ಬಾಯಿ ತೆಗೆದ್ರೆ ಬೈಗುಳ, ಅವಳ ಬಗ್ಗೆ ವಾಟ್ಸಾಪ್ ಸ್ಟೇಟಸ್ಸಲ್ಲಿ "ನಮ್ಮ ಕುಟುಂಬದಲ್ಲೂ ಒಬ್ಬರು ಗಂಗಮ್ಮ ಇದಾರೆ" ಅಂತ ಹಾಕಿಬಿಟ್ಟೆ, ಹೆಸರು ಹಾಕಿಲ್ವಲ್ಲ ಅನ್ನೋ ಧೈರ್ಯ. ಬೆಳಗ್ಗೆ ಏಳೋ ಹೊತ್ತಿಗೆ ಮೂರು ಜನ ದೊಡ್ಡಮ್ಮಂದಿರು ಬೇರೆ ಬೇರೆಯಾಗಿ ಫೋನ್ ಮಾಡಿ "ನನ್ನ ಬಗ್ಗೆನೇನೇ ಹಾಕಿದ್ದು?" ಅಂತ ಕೇಳಿದ್ರು. ನಾನು ಅಂದ್ಕೊಂಡಿದ್ದೋರು ಮಾತ್ರ ಫೋನೇ ಮಾಡಲಿಲ್ಲ, ಅವರು ಸ್ಟೇಟಸ್ಸಿಗೆ ನಗೋ ಗೊಂಬೆ ಹಾಕಿದ್ರು. ಹಂಗಾಗಿ ನೆನಪಾದವರ ಹೆಸರು, ಊರು, ನೆಂಟಸ್ತಿಕೆ ನೋಟ್‌ಬುಕ್ಕಲ್ಲೇ ಇರ್ಲಿ. ಹೊರಗೆ ಹಾಕೋವಾಗ ಆ ಮನುಷ್ಯನ್ನ ಬಿಟ್ಟು, ಅವರು ಮಾಡಿದ ಒಂದು ಕೆಲಸ ಮಾತ್ರ ಇಟ್ಕೊಳ್ಳಿ. ಮತ್ತೆ ಇವರು ಥೇಟ್ ನಮ್ಮ ಅವರೇ ಅಂತ ಬರೆದ ತಕ್ಷಣ ಪೆನ್ನು ಇಡಬೇಡಿ, ಎಲ್ಲಿ ಹೋಲಲ್ಲ ಅಂತಾನೂ ಒಂದು ಸಾಲು ಬರೀರಿ. ಆ ಸಾಲಲ್ಲೇ ಪಾತ್ರ ಇರುತ್ತೆ, ಹೋಲೋ ಸಾಲಲ್ಲಿ ಬರೀ ನಿಮ್ಮ ನೆಂಟರು ಇರ್ತಾರೆ.

ಹಳೇ ಕಾಲದ ಪಾತ್ರಗಳ ಮೇಲೆ ಬೇಗ ತೀರ್ಪು ಕೊಡೋ ಚಟ ನನಗೂ ಇದೆ. ಎಂ.ಕೆ. ಇಂದಿರಾ ಅವರ ಫಣಿಯಮ್ಮ, 1976. ಇಂದಿರಾ ಅವರೂ ತೀರ್ಥಹಳ್ಳಿಯವರೇ, ನಮ್ಮ ನೀರಲ್ಲೇ ಏನೋ ಇದೆ ಅಂತ ನಾವು ಜಂಬ ಕೊಚ್ಕೊಳ್ಳೋದು ಇದಕ್ಕೇ. ಫಣಿಯಮ್ಮ ಬಾಲವಿಧವೆ, ಸಂಸಾರ ಅಂದ್ರೆ ಏನು ಅಂತ ಗೊತ್ತಾಗೋಕೆ ಮುಂಚೇನೇ ಎಲ್ಲಾ ಮುಗಿದು ಹೋಗಿರುತ್ತೆ, ಆಮೇಲೆ ಆ ದೊಡ್ಡ ಮನೆಯಲ್ಲಿ ಎಲ್ಲರ ಬಾಣಂತನ, ಎಲ್ಲರ ಕಷ್ಟ ಇವಳ ಪಾಲಿಗೆ. ನಾನು ನೂರು ಪುಟದವರೆಗೂ ಚೀಟೀಲಿ "ಯಾಕೆ ಬಾಯಿ ಬಿಡಲ್ಲ ಇವಳು" ಅಂತ ಬರೀತಾನೇ ಇದ್ದೆ. ಆಮೇಲೆ ದಾಕ್ಷಾಯಿಣಿ ಅನ್ನೋ ಹರೆಯದ ವಿಧವೆ ತಲೆ ಬೋಳಿಸ್ಕೊಳ್ಳಲ್ಲ ಅಂತ ಹಠ ಹಿಡೀತಾಳೆ, ಆಗ ಫಣಿಯಮ್ಮ ಅವಳ ಪರ ನಿಲ್ತಾಳೆ. ಜೀವಮಾನ ಎಲ್ಲಾ ತಾನು ಅನುಭವಿಸಿದ್ದನ್ನ ಇನ್ನೊಬ್ಬಳು ಬೇಡ ಅಂದಾಗ "ನಾನು ಪಟ್ಟಿಲ್ವಾ, ನೀನೂ ಪಡು" ಅನ್ನಲಿಲ್ಲ. ಇದು ಎಷ್ಟು ಅಪರೂಪ ಅಂತ ಸೊಸೆಯಾಗಿ ಇದ್ದೋರಿಗೆ ಯಾರಿಗಾದ್ರೂ ಗೊತ್ತು. ನಾನು ಬಾಯಿ ಬಿಡದೇ ಇರೋದನ್ನ ಹೆದರಿಕೆ ಅಂದ್ಕೊಂಡಿದ್ದೆ, ಅವಳು ಅಷ್ಟು ವರ್ಷ ನೋಡ್ತಾ ಇದ್ಳು. ಹಂಗಾಗಿ ಇಂಥ ಪುಸ್ತಕಕ್ಕೆ ನಾನು ಕೇಳ್ಕೊಳ್ಳೋ ಪ್ರಶ್ನೆ ಬದಲಾಯಿಸಿದೀನಿ. ಇವಳು ಏನು ಮಾಡ್ಬೇಕಿತ್ತು ಅಂತ ಕೇಳಲ್ಲ, ಇವಳ ಕೈಗೆ ಎಷ್ಟು ಜಾಗ ಇತ್ತು, ಅದ್ರಲ್ಲಿ ಏನು ಮಾಡಿದ್ಳು ಅಂತ ಕೇಳ್ತೀನಿ. ಹಂಗಂತ ಮೊದಲು ಬರೆದ ಸಿಟ್ಟಿನ ಸಾಲು ಅಳಿಸ್ಬೇಡಿ, ಅದು ಇದ್ರೇನೇ ಎರಡನೇ ಸಾಲಿಗೆ ತೂಕ.

ನಮ್ಮ ಮಲೆನಾಡಿನೋರಿಗೆ ಅಂತಾನೇ ಒಂದು ಹಳ್ಳ ಇದೆ, ಅದ್ರಲ್ಲಿ ನಾನು ಬಿದ್ದಿದೀನಿ. ಪುಸ್ತಕದಲ್ಲಿ ಮಳೆ ಬಂದ್ರೆ, ಇಂಬಳ ಅಂದ್ರೆ ಜಿಗಣೆ ಹತ್ತಿದ್ರೆ, ಅಡಿಕೆ ಸುಲಿದ್ರೆ ಸಾಕು ನಾವು ಕರಗಿ ಹೋಗ್ತೀವಿ. ನಮ್ಮೂರೇ ಇದು, ನಮ್ಮ ಅಂಗಳಾನೇ ಇದು ಅಂತ ಎರಡು ಪುಟ ಬರೀತೀವಿ, ಪಾತ್ರಗಳು ಅಂಗಳದಲ್ಲಿ ನೆನೀತಾ ನಿಂತಿರ್ತಾವೆ. ಸಾಗರದ ನಾ. ಡಿಸೋಜರ ದ್ವೀಪ ಓದಿದಾಗ ನನ್ನ ಮೊದಲ ಟಿಪ್ಪಣಿ ಪೂರ್ತಿ ಶರಾವತಿ, ಲಿಂಗನಮಕ್ಕಿ, 1964ರಲ್ಲಿ ಅಣೆಕಟ್ಟು ಮುಗಿದಿದ್ದು, ಮುಳುಗಿದ ಊರುಗಳು, ಬೇರೆ ಕಡೆ ಎದ್ದು ಹೋದ ಜನ, ಇದೇ. ಎಲ್ಲಾ ಸರಿನೇ, ಆದ್ರೆ ಅದು ಪೇಪರಲ್ಲೂ ಸಿಗುತ್ತೆ. ಪುಸ್ತಕದಲ್ಲಿ ಇರೋದು ನೀರು ಸುತ್ತ ಏರ್ತಾ ಇರೋ ಒಂದು ಮನೇಲಿ ಗಣಪಯ್ಯ, ಅವನ ಹೆಂಡತಿ ನಾಗವೇಣಿ, ಸಹಾಯಕ್ಕೆ ಅಂತ ಬಂದ ಕೃಷ್ಣಯ್ಯ, ಮತ್ತೆ ಗಂಡನ ಮನಸ್ಸಲ್ಲಿ ನೀರಿನ ಜೊತೆಗೇ ಏರೋ ಅನುಮಾನ. ನಾಗವೇಣಿ ಬಗ್ಗೆ ನಾನು ಒಂದಕ್ಷರ ಬರೆದಿರಲಿಲ್ಲ.

ಅದಕ್ಕೆ ಒಂದು ಪರೀಕ್ಷೆ ಇಟ್ಕೊಂಡಿದೀನಿ. ಟಿಪ್ಪಣೀಲಿ ಮಳೆ, ಹೊಳೆ, ಕಾಡು, ಅಡಿಕೆ, ಕಡುಬು ಅನ್ನೋ ಪದ ಬಂದ ಸಾಲುಗಳಿಗೆಲ್ಲ ಅಡ್ಡ ಗೆರೆ ಹೊಡಿಯೋದು, ಉಳಿದಿದ್ದು ಓದೋದು. ಏನೂ ಉಳಿದಿಲ್ಲ ಅಂದ್ರೆ ನೀವು ಪುಸ್ತಕ ಓದಿಲ್ಲ, ಊರಿಗೆ ಹೋಗಿಬಂದಿದೀರಿ ಅಷ್ಟೆ. ಎರಡನೇ ಸಲ ಬರೆದಾಗ ನಾಗವೇಣಿಯಿಂದ ಶುರು ಮಾಡಿದೆ. ನೆರೆಗೆ ಹೆದರದ ಹೆಂಗಸಿಗೆ ಗಂಡನ ಮೌನ ಎಷ್ಟು ಭಾರ ಅಂತ. ಆಮೇಲೆ ಮಳೆ ತಾನಾಗೇ ಬಂತು, ಆದ್ರೆ ಈ ಸಲ ಅದು ಅವಳ ತಲೆ ಮೇಲೆ ಸುರೀತಾ ಇತ್ತು.

ದೊಡ್ಡ ಕಾದಂಬರಿಗಳ ವಿಷಯ ಬೇರೆ. ಕುವೆಂಪು ಅವರ ಮಲೆಗಳಲ್ಲಿ ಮದುಮಗಳು, 1967, ಏಳ್ನೂರು ಪುಟದ ಆಸುಪಾಸು, ಹತ್ತಾರು ಮನೆ, ಹಟ್ಟಿ, ಬಿಡಾರ, ಯಾರು ಯಾರಿಗೆ ಏನಾಗ್ಬೇಕು ಅಂತ ನೂರನೇ ಪುಟಕ್ಕೆ ತಲೆ ಗಿರ್ ಅನ್ನುತ್ತೆ. ಅದಕ್ಕೆ ಮೊದಲೇ ಕ್ಯಾಲೆಂಡರ್ ಹಾಳೆ ಬಿಡಿಸಿ ಮನೆ ಮನೆಯಾಗಿ ಹೆಸರು ಬರ್ಕೊಳ್ಳಿ. ಬೆಟ್ಟಳ್ಳಿ ಮನೆಯೋರು, ಹಳೆಮನೆಯೋರು, ಕೋಣೂರಿನೋರು ಹಿಂಗೆ. ಮದುವೆ ಮನೇಲಿ ನೆಂಟರನ್ನ ಗುರುತು ಹಿಡಿದಂಗೆ, ಯಾರ ಮಗ, ಯಾವ ಮನೆ ಅಂತ ಗೊತ್ತಾದ್ರೆ ಅರ್ಧ ಮುಗೀತು. ಎಲ್ಲರ ಬಗ್ಗೆ ಬರಿಯೋಕೆ ಮಾತ್ರ ಹೋಗ್ಬೇಡಿ, ಸತ್ತೋಗ್ತೀರಿ. ಒಬ್ಬರನ್ನ ಹಿಡ್ಕೊಳ್ಳಿ. ಯಾರನ್ನ ಹಿಡಿದ್ರೂ ನಡಿಯುತ್ತೆ, ಇಲ್ಲಿ ಯಾರೂ ಮುಖ್ಯರಲ್ಲ ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಅವರೇ ಮೊದಲಿಗೇ ಹೇಳಿಬಿಟ್ಟಿದಾರೆ.

ನಾನು ಹಿಡಿದಿದ್ದು ಗುತ್ತಿ ಅನ್ನೋನ ನಾಯೀನ, ಹುಲಿಯ ಅಂತ ಅದರ ಹೆಸರು. ನಗಬೇಡಿ. ಐತ ಪೀಂಚಲು ಬಗ್ಗೆ ಎಲ್ಲರೂ ಬರೀತಾರೆ, ಮುಕುಂದಯ್ಯ ಚಿನ್ನಮ್ಮನ ಬಗ್ಗೆ ಬರಿಯೋರಿಗೆ ಲೆಕ್ಕ ಇಲ್ಲ. ನಾಯಿಗುತ್ತಿ ಅಂತ ಆ ಮನುಷ್ಯನ ಹೆಸರಲ್ಲೇ ನಾಯಿ ಇದೆ. ನನ್ನ ಚೀಟೀಲಿ ಹುಲಿಯನ ಹೆಸರು ಎಲ್ಲರಿಗಿಂತ ಜಾಸ್ತಿ ಸಲ ಬಂದಿತ್ತು, ಅದು ನನಗೇ ಗೊತ್ತಿರಲಿಲ್ಲ. ಕೊನೆಗೆ ತುಂಗೆಯ ನೆರೇಲಿ ಅದು ಹೋಗೋ ಜಾಗದಲ್ಲಿ ಚೀಟಿ ಮೇಲೆ ಏನೂ ಬರೆದಿಲ್ಲ, ಪುಟದ ನಂಬರು ಮಾತ್ರ ಇದೆ. ತೀರ್ಥಹಳ್ಳಿ ಸೇತುವೆ ಮೇಲೆ ಪ್ರತಿ ಶನಿವಾರ ನಮ್ಮ ಬಸ್ಸು ಹೋಗುತ್ತೆ, ಆಗಸ್ಟ್‌ನಲ್ಲಿ ಕೆಂಪು ನೀರು ದಡ ಬಡ್ಕೊಂಡು ಹೋಗೋವಾಗ ನಾನು ಕಿಟಕಿ ಕಡೆ ನೋಡಲ್ಲ ಈಗ. ಅದನ್ನೇ ಬರೆದೆ, ಟಿಪ್ಪಣಿ ಆರು ಸಾಲು. ಏಳ್ನೂರು ಪುಟಕ್ಕೆ ಆರು ಸಾಲಾ ಅಂತ ನನ್ನ ತಮ್ಮ ನಕ್ಕ, ಅವನು ಪುಸ್ತಕ ಓದಿಲ್ಲ.

ಓದಿದೋರ ಜೊತೆ ಮಾತಾಡಿ, ಆದ್ರೆ ಬರೆದಾದ ಮೇಲೆ. ನಾವು ನಾಲ್ಕು ಜನ ತಿಂಗಳಿಗೊಂದು ಸಲ ದುರ್ಗಿಗುಡಿ ಹತ್ರ ಒಂದು ಹೋಟ್ಲಲ್ಲಿ ಸೇರ್ತೀವಿ, ಮಸಾಲೆ ದೋಸೆ ಬರೋ ಹೊತ್ತಿಗೆ ಜಗಳ ಶುರುವಾಗಿರುತ್ತೆ. ನಿವೃತ್ತ ಮೇಷ್ಟ್ರೊಬ್ಬರಿದಾರೆ, ಚಂದ್ರಿ ಬಗ್ಗೆ ನಾನು ಬರೆದಿದ್ದು ಓದಿ "ಅದೆಲ್ಲಾ ಸರಿ ಕಣಮ್ಮ, ಆದ್ರೆ ಪುಸ್ತಕ ಅವಳನ್ನ ಎಷ್ಟು ಹೊತ್ತು ಮಾತಾಡೋಕೆ ಬಿಟ್ಟಿದೆ ನೋಡಿದ್ಯಾ?" ಅಂದ್ರು. ನೋಡಿರಲಿಲ್ಲ. ಮನೆಗೆ ಬಂದು ನೋಡಿದೆ, ತುಂಬಾ ಕಮ್ಮಿ. ಅವಳು ಕೆಲಸ ಮಾಡ್ತಾಳೆ, ಗಂಡಸರು ಅವಳ ಬಗ್ಗೆ ಯೋಚಿಸ್ತಾರೆ. ಪಾತ್ರ ಮಾಡೋ ತಪ್ಪು ಬೇರೆ, ಬರೆದೋರು ಆ ಪಾತ್ರಕ್ಕೆ ಮಾಡೋ ಅನ್ಯಾಯ ಬೇರೆ, ಎರಡನ್ನೂ ಕಲಸ್ಬಾರದು ಅಂತ ಅವತ್ತು ಗೊತ್ತಾಯ್ತು. ಕೆಟ್ಟ ಮನುಷ್ಯನ ಬಗ್ಗೆ ಚೆನ್ನಾಗಿ ಬರೆದಿದ್ರೆ ಪುಸ್ತಕಕ್ಕೆ ಮಾರ್ಕ್ಸ್ ಕಟ್ ಮಾಡ್ಬೇಡಿ, ಒಳ್ಳೇವಳನ್ನ ಮೂಕಿ ಮಾಡಿ ಕೂರಿಸಿದ್ರೆ ಅದನ್ನ ಹೇಳಿ.

ಇನ್ನು ಅಂಕ, ನಕ್ಷತ್ರ ಕೊಡೋ ವಿಷಯ. ಬೇಕಿದ್ರೆ ಕೊಡಿ, ನಾನು ಕೊಡಲ್ಲ. ದಿನಾ ರೇಟ್ ಬರ್ದು ಬರ್ದು ಸಾಕಾಗಿದೆ.

ಒಂದು ತಿಂಗಳು ಬಿಟ್ಟು ಅದೇ ಟಿಪ್ಪಣಿಗೆ ವಾಪಸ್ ಹೋಗಿ ಬೇರೆ ಬಣ್ಣದ ಪೆನ್ನಲ್ಲಿ ಪಕ್ಕದಲ್ಲಿ ಬರೀರಿ, ಈಗ್ಲೂ ಹಂಗೇ ಅನ್ಸುತ್ತಾ ಅಂತ. ಘಾಚರ್ ಘೋಚರ್ ಪಕ್ಕದಲ್ಲಿ ನಾನು ನೀಲಿ ಪೆನ್ನಲ್ಲಿ ಬರೆದಿದ್ದು "ಈ ಸಲ ಊರಿಗೆ ಹೋದಾಗ ಆ ಹೆಂಗಸು ಈಗೆಲ್ಲಿದಾಳೆ ಅಂತ ಅಮ್ಮನ್ನ ಕೇಳ್ದೆ, ಮಗಳ ಮನೆಗೆ ಹೋಗಿ ಸುಮಾರು ವರ್ಷ ಆಯ್ತಂತೆ."

ನೋಟ್‌ಬುಕ್ಕು ದಪ್ಪ ರಟ್ಟಿಂದೇ ತಗೊಳ್ಳಿ, ಶಿವಮೊಗ್ಗದ ಗಾಂಧಿ ಬಜಾರಲ್ಲಿ ಲೆಕ್ಕದ ಪುಸ್ತಕ ಮಾರೋ ಅಂಗಡೀಲಿ ಸಿಗುತ್ತೆ, ಉದ್ದ ಗೆರೆ ಹಾಕಿರೋದು, ಎಡಗಡೆ ಕಾಲಂನಲ್ಲಿ ಪುಟದ ನಂಬರು ಬರಿಯೋಕೆ ಸರಿಯಾಗುತ್ತೆ. ಇಂಕ್ ಪೆನ್ನು ಬೇಡ, ನಮ್ಮ ಕಡೆ ಥಂಡಿಗೆ ಅಕ್ಷರ ಹಬ್ಬುತ್ತೆ, ಫಣಿಯಮ್ಮನ ಪುಟ ನನಗೆ ಅರ್ಧ ಓದೋಕೇ ಆಗಲ್ಲ. ಮಳೆಗಾಲ ಮುಗಿಯೋವರೆಗೂ ಅಡುಗೆ ಒಲೆ ಮೇಲಿನ ಅಟ್ಟದಲ್ಲಿ ಪ್ಲಾಸ್ಟಿಕ್ ಕವರಿಗೆ ಹಾಕದೇ ಇಡಿ, ಕವರೊಳಗೇ ಬೂಸ್ಟು ಜಾಸ್ತಿ ಹಿಡಿಯೋದು. ಸ್ವಲ್ಪ ಹೊಗೆ ವಾಸನೆ ಬರುತ್ತೆ, ಬರ್ಲಿ. ಈಗ ಕಾನೂರು ಹೆಗ್ಗಡಿತಿ ಶುರು ಮಾಡಿದೀನಿ, ಸುಬ್ಬಮ್ಮನ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ "ಜಂಬದವಳು" ಅಂತ ಬರೆದಾಗಿದೆ.